ಪಾಚಿ ಜಾರಲು ಕಲಿತದ್ದು

ಕುಂಬಾರ ಆವಿಗೆಯಿಂದ ಈಗ ತಾನೇ ತೆಗೆದಿಟ್ಟ ಮಡಕೆಯ ಹಾಗೆ ಲೋಕ ಇನ್ನೂ ಬೆಚ್ಚಗಿದ್ದ ಕಾಲ. ಆಗ ಹೊಳೆಯ ಕಲ್ಲು ಒಂದೂ ಜಾರುತ್ತಿರಲಿಲ್ಲ. ನೀರಿಗಿಳಿದವರು ತಮ್ಮ ಮನೆಯಂಗಳದಲ್ಲಿ ನಡೆದಂತೆ ನಡೆದು ಆಚೆ ದಡ ಸೇರುತ್ತಿದ್ದರು. ಕಲ್ಲಿನ ಮೇಲೆ ಪಾಚಿ ಇರಲಿಲ್ಲ ಅಂತಲ್ಲ. ಇತ್ತು. ಆದರೆ ಅದು ಕಂಬಳಿಯಂಥ ಒರಟು ಪಾಚಿ.

ಆ ಹೊಳೆಯ ದಡದಲ್ಲಿ ತಿಪ್ಪಕ್ಕ ಅಂತ ಒಬ್ಬಳಿದ್ದಳು. ಹೆಸರು ತಿಪ್ಪಕ್ಕ, ಮನೆ ಮಾತ್ರ ಕನ್ನಡಿ. ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು ಕೈಗೆ ಸಿಕ್ಕರೆ ಸಾಕು, ಅವಳಿಗೆ ಊಟವೂ ಬೇಡ. ಚೊಂಬು ತಿಕ್ಕುವಳು, ಹೊಸ್ತಿಲು ತಿಕ್ಕುವಳು, ಕಟ್ಟಿ ಹಾಕಿದ ಎಮ್ಮೆಯ ಕೊಂಬನ್ನೂ ಬಿಡುತ್ತಿರಲಿಲ್ಲ. ಅವಳು ನಾರು ಹಿಡಿದು ಬಂದರೆ ಎಮ್ಮೆ ಗಡಬಡಿಸಿ ಎದ್ದು ನಿಲ್ಲುತ್ತಿತ್ತು, ಪಾಪ.

ಹೀಗಿರುವಾಗ ಲೋಕದ ಮೊದಲನೇ ಬೇಸಿಗೆ ಬಂತು. ಹೊಳೆ ಇಂಗತೊಡಗಿತು. ಹೊಳೆಯ ಮಡುವಿನಲ್ಲಿ ಏಳು ಮೀನಿದ್ದವು. ಲೋಕದಲ್ಲಿ ಇದ್ದ ಮೀನೇ ಅಷ್ಟು. ಹೊಳೆ ತಿಪ್ಪಕ್ಕನನ್ನು ಕರೆಯಿತು.

"ತಿಪ್ಪಕ್ಕಾ, ಮಳೆ ಬರೋವರೆಗೂ ನಾನು ನೆಲದೊಳಗೆ ಹೋಗಿ ಇರ್ತೀನಿ. ನನ್ನ ಮಕ್ಕಳನ್ನ ನಿನ್ನ ಕಲ್ಲುಬಾನಿಯಲ್ಲಿ ಇಟ್ಟುಕೋ. ಇವು ಹೋದರೆ ಮೀನಿನ ಕುಲವೇ ಹೋಯಿತು."

"ಹೆದರಬೇಡ ಹೊಳೆಯಮ್ಮ," ಅಂದಳು ತಿಪ್ಪಕ್ಕ. "ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ತೀನಿ. ಏಳು ಕೊಡ್ತಿದೀಯ, ಏಳೂ ವಾಪಸ್ ಕೊಡ್ತೀನಿ."

ಮೀನು ತಂದಳು. ಅವುಗಳ ಜೊತೆ ಹೊಳೆಯ ನೀರನ್ನೂ ನಾಲ್ಕು ಕಲ್ಲನ್ನೂ ತಂದು ಅಂಗಳದ ಬಾನಿಗೆ ಹಾಕಿದಳು. ಬೆಳಗ್ಗೆ ಎದ್ದು ನೋಡುತ್ತಾಳೆ, ನೀರು ತುಸು ಮಂಕಾಗಿದೆ, ಕಲ್ಲಿನ ಮೇಲೆ ಪಾಚಿ.

"ಛೀ ಛೀ! ಹೊಳೆಯಮ್ಮನ ಮಕ್ಕಳು ಈ ಕೊಚ್ಚೇಲಿ ಇರೋದಾ?"

ಮೀನುಗಳನ್ನು ಕೊಡಕ್ಕೆ ಹಾಕಿದಳು. ಬಾನಿಯ ನೀರನ್ನು ಒಂದು ಹನಿ ಬಿಡದೆ ಚೆಲ್ಲಿದಳು. ಬೂದಿ ಹಾಕಿ ಬಾನಿ ತಿಕ್ಕಿದಳು, ಕಲ್ಲು ತಿಕ್ಕಿದಳು, ಹುಣಸೆಹಣ್ಣು ಹಚ್ಚಿ ಮತ್ತೆ ತಿಕ್ಕಿದಳು. ಬಾವಿಯಿಂದ ತಣ್ಣನೆಯ ನೀರು ಸೇದಿ ಅಂಚಿನವರೆಗೂ ತುಂಬಿಸಿ ಮೀನು ಬಿಟ್ಟಳು. ಮೇಲಿಂದ ಎರಡು ಹಿಡಿ ಅನ್ನ. "ತಿನ್ರಪ್ಪ, ಹೊಟ್ಟೆ ತುಂಬ ತಿನ್ನಿ."

ಮೀನುಗಳು ನೀರಿನ ಮೇಲಕ್ಕೆ ಬಂದು ಪಕ್ ಪಕ್ ಅಂತ ಬಾಯಿ ಬಿಟ್ಟವು.

"ಅಯ್ಯೋ ಕೂಸುಗಳೇ, ಇನ್ನೂ ಹಸಿವಾ?" ಇನ್ನೊಂದು ಹಿಡಿ ಹಾಕಿದಳು.

ಮರುದಿನ ನೀರು ಹುಳಿ ವಾಸನೆ ಹೊಡೆಯಿತು. ಮತ್ತೆ ಚೆಲ್ಲಿದಳು, ಮತ್ತೆ ತಿಕ್ಕಿದಳು, ಮತ್ತೆ ತುಂಬಿದಳು. ಮೂರನೇ ದಿನ ಒಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲಿತು. ಐದನೇ ದಿನ ಇನ್ನೊಂದು. ಅವಳು ಇನ್ನಷ್ಟು ತಿಕ್ಕಿದಳು. ಹತ್ತನೇ ದಿನಕ್ಕೆ ನಾಲ್ಕು ಹೋಗಿ ಮೂರೇ ಉಳಿದವು.

"ಹೊಳೆಯಮ್ಮನಿಗೆ ಯಾವ ಮುಖ ತೋರಿಸಲಿ?" ಅಂತ ತಿಪ್ಪಕ್ಕ ಬಾನಿಯ ಪಕ್ಕದಲ್ಲೇ ಕೂತು ಗಳಗಳ ಅತ್ತಳು. ಅತ್ತು, ಮೂಗು ಒರೆಸಿಕೊಂಡು, ಏನು ಮಾಡಿದಳು ಅಂತೀರಿ? ಮತ್ತೆ ನಾರು ಎತ್ತಿಕೊಂಡಳು!

"ನಿಲ್ಲೇ ತಾಯಿ, ಸಾಕು!" ಅಂತ ಕಲ್ಲಿನ ಬಿರುಕಿನಿಂದ ಒಂದು ಸಣ್ಣ ದನಿ ಬಂತು. ಪಾಚಿಯ ದನಿ. "ಮೀನಿನ ಕಕ್ಕ, ನೀನು ಸುರಿಯೋ ಅನ್ನ, ಎಲ್ಲಾ ನೀರಲ್ಲೇ ಕೊಳೆತು ವಿಷ ಆಗುತ್ತೆ. ಅದನ್ನ ತಿಂದು ನೀರನ್ನ ಸಿಹಿ ಮಾಡೋಳು ನಾನು. ನೀನು ದಿನಾ ನನ್ನನ್ನೇ ಕೆರೆದು ಹಾಕ್ತೀಯ. ನೋಡು, ಉಗುರಷ್ಟು ಉಳಿದಿದೀನಿ."

"ಪಾಚಿ ಅಂದರೆ ಕೊಳೆ ಅಲ್ವೇನೇ?"

"ಕೊಳೆ ತಿನ್ನೋಳು ಕಣೇ, ಕೊಳೆ ಅಲ್ಲ!"

ಉಳಿದ ಮೂರರಲ್ಲಿ ಹಿರಿಯ ಮೀನು ಏದುಸಿರು ಬಿಡುತ್ತಾ ಮೇಲೆ ಬಂತು. "ಅಕ್ಕಾ, ನೀರನ್ನ ಪೂರ್ತಿ ಚೆಲ್ಲಬೇಡ. ಒಮ್ಮೆಲೇ ಹೊಸ ನೀರು ಬಿದ್ದರೆ ಮೈಯೆಲ್ಲಾ ಉರಿಯುತ್ತೆ. ವಾರಕ್ಕೊಮ್ಮೆ, ಹತ್ತು ಕೊಡದಲ್ಲಿ ಎರಡು ತೆಗಿ, ಎರಡು ಹಾಕು. ಹಾಕೋ ನೀರನ್ನ ಒಂದು ದಿನ ಮೊದಲೇ ಸೇದಿ ಇಟ್ಟಿರು, ಚಳಿ ಬಿಡಲಿ. ಅನ್ನ ಚಿಟಿಕೆ ಸಾಕು. ನೀನು ಎಲೆಗೆ ಸುಣ್ಣ ಹಚ್ಚಿ ಮಡಿಸೋಷ್ಟರಲ್ಲಿ ನಾವು ತಿಂದು ಮುಗಿಸಬೇಕು, ಅಷ್ಟೇ."

ತಿಪ್ಪಕ್ಕ ಹಾಗೇ ಮಾಡಿದಳು. ಆದರೆ ಸುಮ್ಮನೆ ಕೂರುವುದು ಅಂದರೆ ಏನಂದುಕೊಂಡಿರಿ? ಕೈ ತುರಿಸುತ್ತದೆ. ಬಾನಿಯ ಒಳಗೆಲ್ಲ ಹಸಿರು ಹಬ್ಬಿತು. ಪಕ್ಕದ ಮನೆಯ ಕೆಂಚವ್ವ ಇಣುಕಿ ನೋಡಿ, "ಏನೇ ತಿಪ್ಪಕ್ಕ, ನಿನ್ನ ಬಾನೀಲಿ ಪಾಚಿನಾ? ಸೂರ್ಯ ಪಡುವಣದಲ್ಲಿ ಹುಟ್ಟಿದನೇನೇ?" ಅಂತ ನಕ್ಕಳು. ತಿಪ್ಪಕ್ಕನಿಗೆ ನೆಲ ಬಿರಿದು ಒಳಗೆ ಹೋಗೋಣ ಅನ್ನಿಸಿತು. "ನಗೇ, ನಗು. ಮೀನು ಬದುಕಲಿ," ಅಂದು ಹೋಗಿ ಎಮ್ಮೆಯ ಕೊಂಬು ತಿಕ್ಕಿದಳು.

ಒಂದು ಬೆಳಗ್ಗೆ ಮಾತ್ರ ಯಾವುದೋ ಯೋಚನೆಯಲ್ಲಿದ್ದಾಗ ಕೈ ತಾನಾಗಿ ಬಾನಿಗಿಳಿದು ಅರ್ಧ ಕಲ್ಲು ತಿಕ್ಕಿಬಿಟ್ಟಿತ್ತು. ಮೀನು ಛಂಗನೆ ನೆಗೆದು ಮುಖಕ್ಕೆ ನೀರು ಎರಚಿದಾಗಲೇ ಅವಳಿಗೆ ಎಚ್ಚರ. ನಾರನ್ನು ಬೇಲಿಯಾಚೆ ಎಸೆದಳು.

ನೀರು ತಿಳಿಯಾಯಿತು. ಮೀನುಗಳ ಉಸಿರು ಹದಕ್ಕೆ ಬಂತು. ಮಳೆ ಬರುವ ಹೊತ್ತಿಗೆ ಒಂದರ ಹೊಟ್ಟೆ ತುಂಬ ಮೊಟ್ಟೆ.

ಹೊಳೆ ಭರ್‍ರನೆ ಬಂತು. "ತಿಪ್ಪಕ್ಕಾ, ಎಲ್ಲಿ ನನ್ನ ಮಕ್ಕಳು?"

ತಿಪ್ಪಕ್ಕ ಬಾನಿಯ ಮೀನನ್ನೂ ಪಾಚಿಗಟ್ಟಿದ ಕಲ್ಲುಗಳನ್ನೂ ತಂದು ನೀರಿಗೆ ಬಿಟ್ಟಳು. "ಮೂರೇ ಇರೋದು ಹೊಳೆಯಮ್ಮ. ನಾಲ್ಕನ್ನ ನಾನೇ ಕೊಂದೆ. ಪ್ರೀತಿಯಿಂದಲೇ ತೊಳೆದೆ, ತೊಳೆದು ತೊಳೆದು ಕೊಂದೆ."

ಹೊಳೆ ಮೂರು ಮೀನನ್ನೂ ಒಂದೊಂದಾಗಿ ಸವರಿ ನೋಡಿತು. ಕೊನೆಗೆ, "ನಿನಗೆ ಏನು ಶಿಕ್ಷೆ ಕೊಡಲಿ, ನೀನೇ ಹೇಳು," ಅಂದಿತು.

"ಏನಾದರೂ ಕೊಡು. ಆದರೆ ಒಂದು ಕೇಳ್ತೀನಿ, ನಡೆಸಿಕೊಡು," ಅಂದಳು ತಿಪ್ಪಕ್ಕ. "ಬುದ್ಧಿಗೆ ತಿಳಿದರೂ ಈ ಕೈಗೆ ತಿಳಿಯೋದಿಲ್ಲ. ನನ್ನಂಥ ಕೈಯೋರು ಮುಂದೆಯೂ ಹುಟ್ತಾರೆ, ಮೀನು ಸಾಕ್ತಾರೆ, ಮರೆತು ತಿಕ್ತಾರೆ. ಪಾಚಿ ನಮ್ಮ ಕೈಗೆ ಸಿಗದ ಹಾಗೆ ಮಾಡು."

ಹೊಳೆ ಪಾಚಿಯ ಒರಟು ಬೆನ್ನಿನ ಮೇಲೆ ಮೆಲ್ಲಗೆ ಹರಿಯಿತು. ಪಾಚಿ ನುಣ್ಣಗಾಯಿತು. "ಈಗ ಹಿಡಿ ನೋಡೋಣ," ಅಂದಿತು ಹೊಳೆ.

ತಿಪ್ಪಕ್ಕ ಬಗ್ಗಿ ಕಲ್ಲಿಗೆ ಕೈ ಹಾಕಿದಳು. ಕೈ ಜಾರಿತು, ಕಾಲೂ ಜಾರಿತು, ದುಬುಕ್ಕನೆ ನೀರಲ್ಲಿ ಕೂತಳು. ಮೂರು ಮೀನು ಅವಳ ಸುತ್ತ ಒಂದು ಸುತ್ತು ಹಾಕಿ ಮಡುವಿಗೆ ಹೋದವು. ಅವಳಿಗೆ ನಗುವೂ ಬಂತು, ಹೋದ ನಾಲ್ಕಕ್ಕೆ ಅಳುವೂ ಬಂತು.

ಅದಕ್ಕೇ ಇವತ್ತಿಗೂ ಹೊಳೆಯ ಕಲ್ಲಿನ ಮೇಲೆ ಕಾಲಿಟ್ಟರೆ ಜಾರುತ್ತದೆ, ನಿಮ್ಮ ಮನೆಯ ಗಾಜಿನ ತೊಟ್ಟಿಯ ಕಲ್ಲನ್ನು ತಿಕ್ಕೋಣ ಅಂತ ಎತ್ತಿದರೂ ಅದು ಕೈಯಿಂದ ನುಣುಚಿ ಮತ್ತೆ ಮೀನಿನ ಹತ್ತಿರವೇ ಹೋಗಿ ಬೀಳುತ್ತದೆ.