ದುಂಡವ್ವನ ಎಡಭುಜ

ಇದು ನಡೆದದ್ದು ಸಂಕ್ರಾಂತಿ ಕಳೆದ ಮೊದಲ ಸೋಮವಾರ.

ಹೊಳೆಯ ದಂಡೆಯ ಆಶ್ರಮದಲ್ಲಿ ಚನ್ನಬಸಮ್ಮ ಕೀಲುನೋವಿಗೆ ಚಿಕಿತ್ಸೆ ಕೊಡುತ್ತಿದ್ದರು. ಫಿಸಿಯೋಥೆರಪಿ ಓದಿ ಮುಗಿಸಿದ ಮಲ್ಲಿನಾಥ ಅವರ ಬಳಿ ಕೈ ಪಳಗಿಸಿಕೊಳ್ಳಲು ಬಂದಿದ್ದ. ಹಗಲೆಲ್ಲ ಚಿಕಿತ್ಸೆಯ ಕೋಣೆ. ಬೆಳಗ್ಗೆ ಹೊಳೆಯ ಮರಳಿನ ಮೇಲೆ ಊರವರಿಗೆ ಒಟ್ಟಿಗೆ ವ್ಯಾಯಾಮ ಹೇಳಿಕೊಡುತ್ತಿದ್ದ. ಅದು ಅವನದೇ ಆಸೆ. ಅಲ್ಲಿ ನಿಂತರೆ ಅವನ ದನಿಗೇ ಹುರುಪು ಬರುತ್ತಿತ್ತು.

ಕೋಣೆಯಲ್ಲಿ ಒಂದು ಪದ್ಧತಿ ಇತ್ತು. ಬಂದವರು ಮೊದಲು ತಮ್ಮ ಕೈಯನ್ನು ತಮ್ಮ ನೋವಿನ ಮೇಲೆ ಇಡಬೇಕು. ಚಿಕಿತ್ಸೆ ಕೊಡುವವರು ಮುಟ್ಟುವುದು ಆಮೇಲೆ.

ಮರಳಿನ ಮೇಲಿನ ಪದ್ಧತಿ ಬೇರೆ. ಗುಂಪಿಗೆ ಎದುರಾಗಿ ನಿಂತು, ಬಲಗೈ ಎಂದು ಹೇಳಿ ಮಲ್ಲಿನಾಥ ತನ್ನ ಎಡಗೈ ಎತ್ತುತ್ತಿದ್ದ. ಕನ್ನಡಿಯಲ್ಲಿ ಕಂಡಂತಾದರೆ ಕಲಿಯುವವರಿಗೆ ಸಲೀಸು.

ಆ ಸೋಮವಾರ ವ್ಯಾಯಾಮ ಮುಗಿಯುವುದು ತಡವಾಯಿತು. ಬೆವರು ಒರೆಸಿಕೊಳ್ಳುತ್ತಲೇ ಅವನು ಕೋಣೆಗೆ ಬಂದ. ನೇಕಾರರ ದುಂಡವ್ವ ಅವನಿಗೆ ಬೆನ್ನು ಮಾಡಿ ಕೂತಿದ್ದಳು. ಬಿಗಿದುಕೊಂಡಿದ್ದದ್ದು ಅವಳ ಬಲಭುಜ. ಕೈ ಇಡಿಸುವುದನ್ನು ಅವನು ಮರೆತ. ಬಲಭುಜ ಎಂದುಕೊಂಡ, ಮರಳಿನ ಮೇಲಿನ ರೂಢಿಯಲ್ಲಿ ಕೈ ಎಡಕ್ಕೆ ಹೋಯಿತು. ಅರ್ಧ ತಾಸು ಅದನ್ನೇ ಎಳೆದ.

ದುಂಡವ್ವ ಎಳೆಸಿಕೊಂಡು ಎದ್ದಳು. ಹೊರಡುವಾಗ ಎಡಗೈಯನ್ನು ಸರಾಗವಾಗಿ ಎತ್ತಿ ಸೆರಗು ಹೊದ್ದುಕೊಂಡಳು. ಆಗ ಮಲ್ಲಿನಾಥನಿಗೆ ತನ್ನ ತಪ್ಪು ಹೊಳೆಯಿತು.

ಅವನು ನೇರವಾಗಿ ಗುರು ಚನ್ನಬಸಮ್ಮನವರ ಬಳಿ ಹೋಗಿ ನಡೆದದ್ದನ್ನು ಹೇಳಿದ. ಎರಡು ದೋಣಿಯ ಮೇಲೆ ಕಾಲಿಟ್ಟದ್ದೇ ತಪ್ಪು, ನಾಳೆಯಿಂದ ವ್ಯಾಯಾಮ ನಿಲ್ಲಿಸುತ್ತೇನೆ ಎಂದ.

ಚನ್ನಬಸಮ್ಮ ದುಂಡವ್ವನನ್ನು ಕರೆಸಿ ಎಡಭುಜವನ್ನು ಒತ್ತಿ, ತಿರುಗಿಸಿ ನೋಡಿದರು. ಏನೂ ಆಗಿರಲಿಲ್ಲ. ಸುಮ್ಮನೆ ಯಾಕೆ ಕೂತಿದ್ದೆ ಎಂದು ಕೇಳಿದರು.

"ಒಳ್ಳೇ ಹೆಗಲು ನೋಡಿ ಕೆಟ್ಟ ಹೆಗಲು ಕಲೀಲಿ ಅಂತ ಮಾಡ್ತಾನ ಅಂದ್ಕೊಂಡೆ," ಎಂದಳು ದುಂಡವ್ವ. "ಓದಿದ ಹುಡುಗ ನೋಡ್ರಿ."

ಚನ್ನಬಸಮ್ಮ ನಕ್ಕರು. ಮಲ್ಲಿನಾಥನ ಎದೆಯ ಮೇಲಿನ ಕಲ್ಲು ಇಳಿಯಿತು. ಅವನು ಕ್ಷಮೆ ಕೇಳಿ, ದುಂಡವ್ವನಿಂದ ಕೈ ಇಡಿಸಿ, ಬಲಭುಜಕ್ಕೆ ಚಿಕಿತ್ಸೆ ಕೊಟ್ಟ.

ಅವಳು ಹೋದ ಮೇಲೆ ಗುರು ಕೇಳಿದರು, "ಮರಳಿಂದ ಕೋಣೆಗೆ ಏನು ತಂದಿ?"

"ಅವಸರ."

"ಕೋಣೆಯಿಂದ ಮರಳಿಗೆ ಏನು ಒಯ್ದಿ?"

"ಏನೂ ಇಲ್ಲ, ಅವ್ವಾರ."

"ನಾಳೆ ಒಯ್ದು ನೋಡು. ನಿಲ್ಲಿಸೋದು ಆಮೇಲೆ."

ಮರುದಿನ ಗುಂಪು ಸೇರಿತು. ವ್ಯಾಯಾಮ ಶುರು ಮಾಡುವ ಮೊದಲು ಮಲ್ಲಿನಾಥ, ಎಲ್ಲರೂ ಒಮ್ಮೆ ತಮ್ಮ ನೋವಿನ ಮೇಲೆ ಕೈ ಇಡಿ ಎಂದ. ಜನ ಮುಖ ಮುಖ ನೋಡಿಕೊಂಡರು.

"ನನ್ನ ನೋವು ಇನ್ನೂ ಮನ್ಯಾಗ ಮಲಗೇತಿ. ಎಬ್ಬಿಸಿ ಕರ್ಕೊಂಡು ಬರ್ಲೇನು?" ಎಂದ ಅಂಚೆಯ ಗುರುಸಿದ್ದ. ಅವನ ಸೋಮಾರಿ ಮಗನನ್ನು ಬಲ್ಲವರೆಲ್ಲ ನಕ್ಕರು.

ನಗು ಇಳಿದ ಮೇಲೆ ಗುರುಸಿದ್ದನೇ ಮೆಲ್ಲಗೆ ಸೊಂಟದ ಮೇಲೆ ಕೈ ಇಟ್ಟ. ಅವನ ಪಕ್ಕದವಳು ಮೊಣಕಾಲು ಹಿಡಿದಳು. ಹಿಂದಿನ ಸಾಲಿನಲ್ಲಿ ಒಂದು ಕೈ ಕುತ್ತಿಗೆಗೆ ಹೋಯಿತು.

ಮಲ್ಲಿನಾಥ ಅವರ ನಡುವೆ ನಡೆದ. ಒಬ್ಬರಿಗೆ ಕೂತು ಮಾಡಲು ಹೇಳಿದ, ಇನ್ನೊಬ್ಬರಿಗೆ ಅರ್ಧವೇ ಬಗ್ಗಲು ಹೇಳಿದ. ಆಮೇಲೆ ಎದುರು ಬಂದು ನಿಂತು ಎಂದಿನ ಹುರುಪಿನಲ್ಲಿ ಎಣಿಸತೊಡಗಿದ.

ಚನ್ನಬಸಮ್ಮ ಎಂದಿನಂತೆ ಹೊಳೆಗೆ ಇಳಿಯುವ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಎಲ್ಲರೂ ಹೋದ ಮೇಲೆ ಅವನು ಹಗುರಾಗಿ ಬಂದು ಅವರ ಕೆಳಗಿನ ಮೆಟ್ಟಿಲಲ್ಲಿ ಕೂತ.

"ಎಷ್ಟು ಮಂದಿ ಕೈ ಇಟ್ರು?"

"ಏಳು ಮಂದಿ, ಅವ್ವಾರ. ಯಾರಿಗೂ ತ್ರಾಸಾಗಲಿಲ್ಲ."

"ನಿನ್ನೆ ನೋವಿದ್ದವರು ಎಷ್ಟು?"

"ನಿನ್ನೆ ನಾ ಕೇಳಿರ್ಲಿಲ್ಲ."

ಚನ್ನಬಸಮ್ಮ ಅವನ ಹೆಗಲು ಹಿಡಿದು ಎದ್ದರು.

"ನಿನ್ನೆನೂ ಏಳು."