ಎರಡು ನಿಮಿಷದ ಕೆಲಸ

"ಗುರುಗಳೇ, ಎರಡು ನಿಮಿಷದಲ್ಲಿ ಸರಿಹೋಗುವ ತಪ್ಪಿಗೆ ಇಡೀ ಒಂದು ದಿನ ಏಕೆ ಕೊಡಬೇಕು?"

ಹೀಗೆ ಕೇಳಿದವನು ಇಂದುಧರ. ಎರಡು ಬೀದಿ ಆಚೆಗಿನ ಆಸ್ಪತ್ರೆಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ಅವನದು. ಚೆನ್ನವೀರಪ್ಪ ಮಾಸ್ತರರು ಅದೇ ಕೆಲಸವನ್ನು ಮೂವತ್ತು ವರ್ಷ ಮಾಡಿ ಬಿಟ್ಟವರು. ಈಗ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಬಂದವರಿಗೆ ಹೇಳಿಕೊಡುತ್ತಿದ್ದರು.

"ಯಾವ ತಪ್ಪಪ್ಪಾ?" ಎಂದರು ಮಾಸ್ತರರು.

"ಅದೇ, ಸರ್ವರ್‌ಗೆ ಹೊರಗಿನಿಂದ ಎರಡು ಡಿಸ್ಕ್ ಜೋಡಿಸಿದ್ದೇನಲ್ಲ. ಒಂದು ಎಫ್, ಇನ್ನೊಂದು ಜಿ. ರೋಗಿಗಳ ಸ್ಕ್ಯಾನ್ ಎಲ್ಲ ಎಫ್‌ನಲ್ಲಿ. ದಿನಾ ಸಂಜೆ ಆರಕ್ಕೆ ಅದರ ನಕಲು ಜಿಗೆ ಹೋಗುತ್ತದೆ. ಕರೆಂಟ್ ಹೋಗಿ ಬಂದು ಸರ್ವರ್ ಮತ್ತೆ ಶುರುವಾದರೆ ಒಮ್ಮೊಮ್ಮೆ ಈ ಎರಡು ಅಕ್ಷರ ಅದಲುಬದಲಾಗಿರುತ್ತವೆ. ನಾನು ಹೋಗಿ ತಿರುಗಿಸಿ ಇಡುತ್ತೇನೆ. ಎರಡು ನಿಮಿಷದ ಕೆಲಸ. ನೀವು ನೋಡಿದರೆ ಯಾವ ತಪ್ಪನ್ನೂ ಬುಡದಿಂದ ಸರಿಮಾಡು ಅನ್ನುತ್ತೀರಿ."

"ಕರೆಂಟ್ ಹೋದರೆ ತಡೆಯಲು ಬ್ಯಾಟರಿ ಇಲ್ಲವೇ?"

"ಸತ್ತು ಆರು ತಿಂಗಳಾಯಿತು. ಹೊಸದು ಬೇಕೆಂದು ಬರೆದುಹಾಕಿದ್ದೇನೆ."

"ಬರೆದುಹಾಕಿದ್ದಾನಂತೆ, ಪುಣ್ಯಾತ್ಮ! ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಇಂದುಧರ ಕೂತ. ಮಾಸ್ತರರು ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಕೇಂದ್ರ ಇತ್ತು. ಗಂಟಲಿನ ಕ್ಯಾನ್ಸರ್ ಆಗಿ ದನಿಪೆಟ್ಟಿಗೆಯನ್ನೇ ತೆಗೆಸಬೇಕಾದವರು ಆಪರೇಷನ್ನಿಗೆ ಮುಂಚೆ ಅಲ್ಲಿಗೆ ಬರುತ್ತಿದ್ದರು. ಗಾಜಿನ ಕೋಣೆಯಲ್ಲಿ ಕೂತು ಗಂಟೆಗಟ್ಟಲೆ ಓದುತ್ತಿದ್ದರು, ಮಾತಾಡುತ್ತಿದ್ದರು. ಅದೆಲ್ಲ ರೆಕಾರ್ಡ್ ಆಗುತ್ತಿತ್ತು. ಆಮೇಲೆ ಅವರು ಫೋನಿನಲ್ಲಿ ಬರೆದದ್ದನ್ನು ಫೋನು ಅವರದೇ ದನಿಯಲ್ಲಿ ಹೇಳುವಂತೆ ಕೇಂದ್ರದವರು ಮಾಡಿಕೊಡುತ್ತಿದ್ದರು. ಆಪರೇಷನ್ ಆದ ಮೇಲೆ ಇನ್ನೊಮ್ಮೆ ರೆಕಾರ್ಡ್ ಮಾಡಲು ಬರುವುದಿಲ್ಲ, ಗೊತ್ತಲ್ಲ.

ಆ ಕೇಂದ್ರದಲ್ಲಿ ಸರ್ವರ್ ನೋಡಿಕೊಳ್ಳುವವನು ಒಬ್ಬನಿದ್ದ. ಅವನದೂ ನಿನ್ನ ಹಾಗೆಯೇ ಎರಡು ಡಿಸ್ಕು, ಎಫ್ ಮತ್ತು ಜಿ. ಹೊಸ ದನಿಗಳು ಎಫ್‌ಗೆ. ಪ್ರತಿ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಎಫ್‌ನ ನಕಲು ಜಿಗೆ. ನಕಲು ಎಂದರೆ ಪಡಿಯಚ್ಚು. ಎಫ್‌ನಲ್ಲಿ ಇರುವುದೆಲ್ಲ ಜಿಯಲ್ಲಿ ಇರಬೇಕು, ಎಫ್‌ನಲ್ಲಿ ಇಲ್ಲದ್ದು ಜಿಯಲ್ಲೂ ಇರಬಾರದು. ಇಲ್ಲದ್ದನ್ನು ಅದೇ ಅಳಿಸಿಹಾಕುತ್ತದೆ.

ಸರ್ವರ್ ಎದ್ದಾಗ ಯಾವ ಡಿಸ್ಕ್ ಮೊದಲು ಕಣ್ಣುಬಿಡುತ್ತದೋ ಅದಕ್ಕೆ ಮೊದಲಿನ ಅಕ್ಷರ ಕೊಡುತ್ತಿತ್ತು. ಎರಡರಲ್ಲಿ ಒಂದು ಸೋಮಾರಿ. ಹಾಗಾಗಿ ಒಮ್ಮೆ ಸರಿ, ಒಮ್ಮೆ ತಿರುಗುಮುರುಗು. ಅವನು ಪ್ರತಿ ಸಲ ಹೋಗಿ ಕೈಯಾರೆ ತಿರುಗಿಸುತ್ತಿದ್ದ. ಅವನಿಗಿಂತ ಹಿರಿಯನೊಬ್ಬ ಅದನ್ನು ನೋಡಿ, "ಅಕ್ಷರ ನಂಬಿ ನಕಲು ಮಾಡಬೇಡ ಮಾರಾಯ. ಪ್ರತಿ ಡಿಸ್ಕಿಗೂ ತನ್ನದೇ ಒಂದು ನಂಬರು ಇರುತ್ತದೆ, ಅಕ್ಷರ ಬದಲಾದರೂ ಅದು ಬದಲಾಗುವುದಿಲ್ಲ. ಆ ನಂಬರು ನೋಡಿಯೇ ನಕಲು ಶುರುವಾಗಲಿ, ಇಲ್ಲವಾದರೆ ನಿಂತುಬಿಡಲಿ ಅಂತ ಬರೆದಿಡು" ಎಂದ.

"ಎರಡು ನಿಮಿಷದ ಕೆಲಸಕ್ಕೆ ಅಷ್ಟೆಲ್ಲ ಯಾಕೆ? ನಾನಿದ್ದೇನಲ್ಲ" ಎಂದ ಇವನು.

ಇವನೇನು ದಡ್ಡನಲ್ಲ. ದಡ್ಡನಾಗಿದ್ದರೆ ಹೆದರಿಯಾದರೂ ಸರಿಮಾಡುತ್ತಿದ್ದ. ಕೈ ಚುರುಕು, ಅದೇ ಅವನ ಕೇಡು. ಪ್ರತಿ ಸಲ ತಿರುಗಿಸಿ ಎದ್ದಾಗ ಒಳಗೊಳಗೇ ಖುಷಿ. ತಾನಿಲ್ಲದಿದ್ದರೆ ಇಲ್ಲಿ ಏನೂ ನಡೆಯುವುದಿಲ್ಲ ಎಂಬ ಖುಷಿ. ಯಾರಿಗೂ ಅದನ್ನು ಹೇಳಿಕೊಟ್ಟಿರಲಿಲ್ಲ, ಎಲ್ಲೂ ಬರೆದಿಟ್ಟಿರಲಿಲ್ಲ.

ಒಂದು ಸೋಮವಾರ ಒಬ್ಬ ಬಸ್ ಕಂಡಕ್ಟರ್ ಬಂದ. ಶನಿವಾರ ಬೆಳಿಗ್ಗೆ ಅವನ ಆಪರೇಷನ್. ಐದು ದಿನ ಬಂದು ಕೂತ. ಎರಡು ಸಾಲಿಗೊಮ್ಮೆ ಬಿಸಿನೀರು ಕುಡಿಯಬೇಕು, ಅಷ್ಟು ನೋವು. ಆದರೂ ಕೊಟ್ಟ ಹಾಳೆಯನ್ನೆಲ್ಲ ಓದಿದ. ಮಗಳು ಏಳು ತಿಂಗಳ ಬಸುರಿ. ಹುಟ್ಟುವ ಮಗು ಅಜ್ಜನ ದನಿ ಕೇಳಲಿ ಎಂದು ಶುಕ್ರವಾರ ಇಡೀ ಮಧ್ಯಾಹ್ನ ಆ ಮಗುವಿಗೇ ಮಾತಾಡಿದ. ಉಣ್ಣು ಬಾ ಎಂದ. ಓಡಬೇಡ, ಬೀಳ್ತೀಯ ಎಂದ. ಅಳಬೇಡ ನನ್ನಪ್ಪಾ, ಅಳಬೇಡ ನನ್ನವ್ವಾ, ಎರಡೂ ಹೇಳಿದ. ಗಂಡೋ ಹೆಣ್ಣೋ ಗೊತ್ತಿಲ್ಲವಲ್ಲ.

ಅಷ್ಟರಲ್ಲಿ ಮಾಸ್ತರರ ಮನೆಯಲ್ಲೂ ಸುತ್ತಲಿನ ಬೀದಿಗಳಲ್ಲೂ ಕರೆಂಟ್ ಹೋಯಿತು. ತಲೆಯ ಮೇಲಿನ ಫ್ಯಾನು ನಿಂತಿತು. ಮಾಸ್ತರರು ಮೇಜಿನ ಮೇಲಿದ್ದ ಪೇಪರ್ ತೆಗೆದು ಗಾಳಿ ಹಾಕಿಕೊಳ್ಳುತ್ತ ಮುಂದುವರಿಸಿದರು.

ಆ ಶನಿವಾರ ನಮ್ಮ ಚುರುಕಿನವನ ಅಕ್ಕನ ಮಗಳ ನಿಶ್ಚಿತಾರ್ಥ. ಬಿಡಲಾದೀತೇ? ರಜೆ ಹಾಕಿ ಹೋದ. ಅದು ತಪ್ಪಲ್ಲ. ಬೆಳಿಗ್ಗೆ ಹನ್ನೊಂದೂವರೆಗೆ ಕರೆಂಟ್ ಹೋಯಿತು, ಬಂತು. ಸರ್ವರ್ ಮಲಗಿತು, ಎದ್ದಿತು. ಸೋಮಾರಿ ಡಿಸ್ಕಿಗೆ ಅವತ್ತು ಎರಡನೆಯ ಅಕ್ಷರ. ಹಳೆಯ ನಕಲು ಎಫ್ ಆಯಿತು, ಹೊಸ ದನಿಗಳು ಇದ್ದದ್ದು ಜಿ ಆಯಿತು. ಹನ್ನೆರಡಕ್ಕೆ ನಕಲು ಶುರುವಾಯಿತು. ಹಳೆಯದರಲ್ಲಿ ಆ ವಾರದ್ದು ಏನೂ ಇರಲಿಲ್ಲ. ಹಾಗಾಗಿ ಹೊಸದರಲ್ಲಿದ್ದ ಆ ವಾರವನ್ನು ಅದು ಅಳಿಸಿಹಾಕಿತು. ಅದೇ ಹೊತ್ತಿಗೆ ಕಂಡಕ್ಟರ್ ಆಪರೇಷನ್ ಕೋಣೆಯಲ್ಲಿ ಮಲಗಿದ್ದ.

ಫ್ಯಾನು ಮತ್ತೆ ತಿರುಗತೊಡಗಿತು. ಮಾಸ್ತರರು ಒಮ್ಮೆ ತಲೆಯೆತ್ತಿ ಅದನ್ನು ನೋಡಿದರು. ಪೇಪರ್ ಮಡಚಿ ಮೇಜಿನ ಮೇಲೆ ಇಟ್ಟರು. ಇಂದುಧರ ಅವರ ಬಾಯನ್ನೇ ನೋಡುತ್ತಿದ್ದ.

ಸೋಮವಾರ ಆ ಚುರುಕಿನವನು ಕೆಲಸಕ್ಕೆ ಬಂದ. ಅಕ್ಷರ ಅದಲುಬದಲಾಗಿದ್ದು ಕಂಡಿತು. ಆಗ ಒಂದು ಕ್ಷಣ ನಿಂತು, ಅಯ್ಯೋ, ಶನಿವಾರದ ನಕಲು ಯಾವ ಕಡೆಗೆ ಹೋಯಿತು ಅಂತ ನೋಡಬೇಕಿತ್ತೋ ಬೇಡವೋ? ನೋಡಲಿಲ್ಲ. ರೂಢಿ ನೋಡು! ಎರಡು ನಿಮಿಷದಲ್ಲಿ ತಿರುಗಿಸಿಟ್ಟು ಚಹಾ ಕುಡಿಯಲು ಹೋದ. ಅಳಿಸಿಹೋದ ಜಾಗದ ಮೇಲೆ ಹೊಸ ರೋಗಿಗಳ ದನಿ ಬಂದು ಕೂತಿತು. ಮುಂದಿನ ಶನಿವಾರ ನಕಲು ಸರಿಯಾದ ದಿಕ್ಕಿನಲ್ಲೇ ನಡೆಯಿತು. ಈಗ ಎರಡು ಡಿಸ್ಕಿನಲ್ಲೂ ಆ ವಾರ ಇಲ್ಲ.

ಮೂರು ವಾರದ ಮೇಲೆ ಕಂಡಕ್ಟರ್ ಬಂದ. ಕುತ್ತಿಗೆಗೆ ಬಿಳಿಯ ಬಟ್ಟೆ, ಕೈಯಲ್ಲಿ ಒಂದು ನೋಟ್‌ಬುಕ್ಕು, ಜೊತೆಗೆ ಬಸುರಿ ಮಗಳು. ತನ್ನ ದನಿ ಒಯ್ಯಲು ಬಂದಿದ್ದ. ಇವನು ಎಫ್ ತೆಗೆದ, ಇಲ್ಲ. ಜಿ ತೆಗೆದ, ಇಲ್ಲ. ಸರ್ವರಿನ ದಾಖಲೆ ತೆಗೆದ. ಶನಿವಾರ ಹನ್ನೊಂದೂವರೆಗೆ ರೀಸ್ಟಾರ್ಟ್, ಹನ್ನೆರಡಕ್ಕೆ ನಕಲು. ಮುಂದೆ 'ಯಶಸ್ವಿ' ಎಂದು ಬರೆದಿತ್ತು.

ಕಂಡಕ್ಟರ್ ನೋಟ್‌ಬುಕ್ಕಿನಲ್ಲಿ 'ಏನಾಯಿತು' ಎಂದು ಬರೆದು ತೋರಿಸಿದ. ಇವನು, "ಡಿಸ್ಕಿನ ಅಕ್ಷರ ಬದಲಾಗಿತ್ತು ಸರ್. ಗೊತ್ತಾಗಲಿಲ್ಲ" ಎಂದ. ಕಂಡಕ್ಟರ್ ಹಾಳೆ ತಿರುವಿದ. ಆಮೇಲೆ ಬರೆದ: 'ಡಿಪೋದಲ್ಲಿ ಬಸ್ಸಿನ ಬೋರ್ಡು ದಿನಾ ಬದಲಾಗುತ್ತದೆ. ನಾವು ಬೋರ್ಡು ನೋಡಿ ಹತ್ತುವುದಿಲ್ಲ. ಬಸ್ಸಿನ ನಂಬರು ಪ್ಲೇಟು ನೋಡಿ ಹತ್ತುತ್ತೇವೆ.'

ಬೈದಿದ್ದರೆ ಇವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಡಿಸ್ಕನ್ನು ದೊಡ್ಡ ಊರಿಗೆ ಕಳಿಸಿ ಹುಡುಕಿಸಿದರು. ಐದು ದಿನದಲ್ಲಿ ಉಳಿದದ್ದು ನಾಲ್ಕು ಸೆಕೆಂಡು. ಕಂಡಕ್ಟರ್ ಕೆಮ್ಮಿ, "ಸ್ವಲ್ಪ ನೀರು ಕೊಡ್ತೀರಾ" ಎಂದದ್ದು. ಅದನ್ನು ಮಗಳಿಗೆ ಹೇಳಲು ಇವನಿಗೆ ನಾಚಿಕೆಯಾಯಿತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು, "ಅದನ್ನೇ ಕೊಡ್ರಿ" ಎಂದಳು.

ಮರುದಿನ ಅವನು ಹಿರಿಯ ಹೇಳಿದ್ದನ್ನು ಮಾಡಿದ. ಡಿಸ್ಕಿನ ನಂಬರು ನೋಡಿ, ಸರಿಯಿದ್ದರಷ್ಟೇ ನಕಲು, ಇಲ್ಲವಾದರೆ ಬೇಡ. ಒಂದು ದಿನವೂ ಬೇಕಾಗಲಿಲ್ಲ. ನಲವತ್ತು ನಿಮಿಷ ಹಿಡಿಯಿತು.

ಮಾಸ್ತರರು ಕತೆ ನಿಲ್ಲಿಸಿದರು. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು.

ಇಂದುಧರನಿಗೆ ಬೇಸರವಾಗಿತ್ತು. ಕೊಂಚ ಸಿಟ್ಟೂ ಬಂದಿತ್ತು. "ಅವನು ರಜೆ ಹಾಕಿ ಹೋಗಿದ್ದನಲ್ಲ ಗುರುಗಳೇ. ಅಲ್ಲೇ ಇದ್ದಿದ್ದರೆ ಹೀಗೆ ಆಗುತ್ತಿರಲಿಲ್ಲ. ನಾನಾದರೆ ಅಲ್ಲೇ ಇರುತ್ತೇನೆ" ಎಂದ.

ಮಾಸ್ತರರು ಕನ್ನಡಕ ಹಾಕಿಕೊಂಡು ಗೋಡೆಯ ಗಡಿಯಾರ ನೋಡಿದರು. ಸಂಜೆ ಐದೂವರೆಯಾಗಿತ್ತು, ಆರಕ್ಕೆ ಇನ್ನು ಅರ್ಧ ಗಂಟೆ.

"ಆಗಲೇ ಕರೆಂಟ್ ಹೋಗಿ ಬಂತಲ್ಲ ಇಂದುಧರ, ಈಗ ಅಲ್ಲಿ ಯಾರಿದ್ದಾರೆ?"