ಎಲುಬಿನ ಯಂಕೋಬ ಮತ್ತು ಬಳೆಗಾರನ ಫಟಫಟಿ

ಈಗ ಬಸ್ಸು ಓಡಾಡುವ ದಾರಿಯಲ್ಲಿ ಆಗ ಎತ್ತುಗಳ ಗೊರಸಿನ ಗುರುತುಗಳಷ್ಟೇ ಮೂಡುತ್ತಿದ್ದವು. ಅಂಥ ಕಾಲದಲ್ಲಿ ಮೂಡಲದಿನ್ನಿ ಅಂತ ಒಂದೂರು, ಆ ಊರಲ್ಲಿ ಯಂಕೋಬ ಅಂತ ಒಬ್ಬನಿದ್ದ. ಮುರಿದ ಎಲುಬು ಕೂಡಿಸುವವನು. ನೀವು ಅವನನ್ನು ನೋಡಿಲ್ಲ, ನಾನೂ ನೋಡಿಲ್ಲ. ನೋಡಿದವರಿಂದ ಕೇಳಿದವರು ನನಗೆ ಹೇಳಿದ್ದಾರೆ.

ಮುರಿದ ಕಾಲಿಗೆ ಔಡಲೆಣ್ಣೆ ಸವರಿ, ಕಣ್ಣು ಮುಚ್ಚಿ ಹೆಬ್ಬೆರಳು ಎಳೆದನೆಂದರೆ ಒಳಗಿನ ಎಲುಬು ತಾನೇ ಎದ್ದು ತನ್ನ ಜಾಗ ಹುಡುಕಿಕೊಳ್ಳುತ್ತಿತ್ತಂತೆ. ರೆಕ್ಕೆ ಮುರಿದ ಕೊಕ್ಕರೆಯೊಂದು ಅವನ ಅಂಗಳಕ್ಕೆ ನಡೆದೇ ಬಂದಿತ್ತಂತೆ. ಇದ್ದರೂ ಇರಬಹುದು. ಆದರೆ ಕರೆದವರಿಗೆ ಅವನು ಬರುವುದಿಲ್ಲ ಅಂದವನಲ್ಲ, ಅದು ಖರೆ.

ಆ ಯಂಕೋಬನಿಗೆ ಮುಪ್ಪು ಮೊದಲು ಮೊಣಕಾಲಿಗೆ ಬಂತು. ಹಳ್ಳದಾಚೆ ಕುರಿಗಾರರ ಹಟ್ಟಿಯಲ್ಲಿ ಒಬ್ಬ ಹುಡುಗಿ ಬಿದ್ದು ಕಾಲು ಮುರಿದುಕೊಂಡಳು. ಸುದ್ದಿ ಇವನನ್ನು ಹುಡುಕಿಕೊಂಡು ಊರೂರು ತಿರುಗಿತು. ಇವನು ಕುಂಟುತ್ತ ಹೋಗಿ ಮುಟ್ಟುವ ಹೊತ್ತಿಗೆ ಎಲುಬು ಸೊಟ್ಟಗೆ ಕೂಡಿಬಿಟ್ಟಿತ್ತು. ಸೊಟ್ಟಗೆ ಕೂಡಿದ್ದನ್ನು ಮತ್ತೆ ಮುರಿಯಬೇಕು, ಬೇರೆ ದಾರಿಯಿಲ್ಲ. ಮುರಿದ. ಆ ಹುಡುಗಿಯ ಕೂಗು ಅವನ ಕಿವಿಯಲ್ಲೇ ಉಳಿಯಿತು ಅಂತಾರೆ. ಉಣ್ಣುವಾಗಲೂ ಕೇಳುತ್ತಿತ್ತಂತೆ, ಹೊಲದ ಬದುವಿನಲ್ಲಿ ಕೂತಾಗಲೂ ಕೇಳುತ್ತಿತ್ತಂತೆ.

ಆಗ ಅವನ ಕಣ್ಣು ಮೈಬೂಸಾಬನ ಫಟಫಟಿಯ ಮೇಲೆ ಬಿತ್ತು.

ಮೈಬೂಸಾಬ ಬಳೆಗಾರ. ಸುತ್ತಿನ ಹಳ್ಳಿಗಳಲ್ಲಿ ಇದ್ದದ್ದು ಅದೊಂದೇ ಫಟಫಟಿ, ಅಂದರೆ ಮೋಟಾರು ಸೈಕಲ್ಲು. ಯಾವ ಕಾಲದ್ದೋ, ಎಷ್ಟು ಕೈ ದಾಟಿ ಬಂದದ್ದೋ. ಹಿಂದೆ ಬಳೆಯ ಮಲಾರ ಕಟ್ಟಿಕೊಂಡು ಅವನು ಹೊರಟರೆ ಗುಡುಗುಡು ಸದ್ದಿಗೆ ಹೆಂಗಸರು ಬಾಗಿಲಿಗೆ ಬರುತ್ತಿದ್ದರು. ಒಂದು ದಿನ ಊರ ಪಕ್ಕದ ದಿನ್ನಿಯ ಇಳಿಜಾರಿನಲ್ಲಿ ಗಾಡಿ ಅವನನ್ನು ಎತ್ತಿ ಒಗೆಯಿತು. ಮೈಬೂಸಾಬ ಅಲ್ಲೇ ಸತ್ತ. ಕುಡಿದಿದ್ದ ಅಂದರು ಕೆಲವರು. ಗಾಡಿಗೆ ದೆವ್ವ ಬಡಿದಿದೆ, ಹತ್ತಿದವನನ್ನು ನುಂಗುತ್ತದೆ ಅಂದರು ಉಳಿದವರು. ಅಂದಿನಿಂದ ಅದು ಅವನ ಹೆಂಡತಿ ಹುಸೇನಬಿಯ ಮನೆಯ ಗೋಡೆಗೆ ಒರಗಿತ್ತು.

ಹರೆಯದಲ್ಲಿ ಶಾಲೆ ಬಿಟ್ಟು ದೇಶ ತಿರುಗಿದಾಗ ಯಂಕೋಬ ಯಾರದೋ ಫಟಫಟಿ ಓಡಿಸಿ ಕಲಿತಿದ್ದ. ಅದನ್ನು ತಗೊಂಡರೆ ಹೊತ್ತು ಮುಳುಗುವುದರೊಳಗೆ ಎಲ್ಲಿಗೆ ಬೇಕಾದರೂ ಮುಟ್ಟಬಹುದು. ತಗೊಳ್ಳದಿದ್ದರೆ ಎಲುಬುಗಳು ಸೊಟ್ಟಗೆ ಕೂಡುತ್ತಲೇ ಇರುತ್ತವೆ. ತಗೊಂಡು ತಾನೇ ಸತ್ತರೆ, ಕೂಡಿಸುವವನೇ ಇಲ್ಲ. ಹೀಗೆ ಅವನು ಅತ್ತ ಒಂದು ಮನಸ್ಸು, ಇತ್ತ ಒಂದು ಮನಸ್ಸು ಮಾಡುತ್ತ ದಿನ ಕಳೆದ ಅಂತಾರೆ.

ಕಟ್ಟೆಯ ಮೇಲಿನವರು ಬಿಡುತ್ತಾರೆಯೇ? "ಯಂಕೋಬಣ್ಣ, ಮಂದಿ ಎಲುಬು ನೀ ಕೂಡಿಸ್ತಿ. ನಿನ್ನವನ್ನ ಇಳಿಜಾರಿನಾಗ ಆರಿಸಾಕ ಯಾರು ಬರ್ಬೇಕು?" ಅಂದ ಒಬ್ಬ.

"ನಿನ್ನನ್ನಂತೂ ಕರಿಯಂಗಿಲ್ಲ ತಗಿ. ಎರಡು ಅಲ್ಲೇ ಮರತು ಬರ್ತಿ," ಅಂದ ಯಂಕೋಬ.

ಎಲ್ಲರಿಗಿಂತ ಹೆಚ್ಚು ಬೇಡ ಅಂದವನು ಕಮ್ಮಾರ ಮೋನಪ್ಪ. ಇಬ್ಬರೂ ಚಿಕ್ಕಂದಿನ ಗೆಳೆಯರು. "ಅದು ನುಂಗೋ ಗಾಡಿ. ಅದರ ಹತ್ತಿರನೂ ಹೋಗಬ್ಯಾಡೋ," ಅಂತ ಕೈಹಿಡಿದು ಹೇಳಿದನಂತೆ. ಕೆಂಡ ಕಂಡರೆ ಹೆದರದ ಮೋನಪ್ಪನ ಕೈ ಆಗ ತಣ್ಣಗಿತ್ತಂತೆ.

ಕೊನೆಗೊಂದು ಬೆಳಿಗ್ಗೆ ಯಂಕೋಬ ಹುಸೇನಬಿಯ ಅಂಗಳಕ್ಕೆ ಹೋದ. ಆಕೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದಳು: "ತಗೊಳ್ಳೋದು ಬಿಡೋದು ಆಮ್ಯಾಲ ಆಗಲಿ ಅಣ್ಣಾ. ಮೊದಲು ಮುಟ್ಟಿ ನೋಡು. ನಮ್ಮವರು ಕುಡದವರಲ್ಲ. ಮತ್ತ ಯಾಕ ಬಿದ್ರು, ಅದನ್ನ ಹೇಳು."

ಯಂಕೋಬ ಔಡಲೆಣ್ಣೆ ತರಿಸಿದ. ಮನುಷ್ಯರನ್ನು ನೋಡಿದಂತೆಯೇ ಗಾಡಿಯನ್ನು ನೋಡಿದ. ಅವನಿಗೆ ಬೇರೆ ರೀತಿ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ, ಹಿಂದಿನ ಗಾಲಿಯಿಂದ ಹೆಬ್ಬೆರಳು ಎಳೆಯುತ್ತ ಎಳೆಯುತ್ತ ಮುಂದೆ ಬಂದ. ಹಿಡಿಕೆಯ ಕೆಳಗೆ, ಗಾಡಿಯ ಕತ್ತಿನ ಹತ್ತಿರ ಬೆರಳು ನಿಂತಿತು. ದಪ್ಪಗೆ ಬಳಿದ ಕರಿ ಬಣ್ಣದಡಿ ಒಂದು ಗಂಟು. ಅವಸರದಲ್ಲಿ ಕೂಡಿಸಿದ ಎಲುಬಿಗೆ ಬರುವಂಥದೇ ಗಂಟು. ಗಂಟಿನ ಪಕ್ಕದಲ್ಲಿ ಬಿರುಕು. ಚಾಕುವಿನ ಮೊನೆಯಿಂದ ಕೆರೆದು ನೋಡಿದ. ಬಿರುಕಿನ ಒಳಗೂ ಕರಿ ಬಣ್ಣ ಇಳಿದಿತ್ತು.

ಬಿದ್ದು ಆದ ಬಿರುಕಾಗಿದ್ದರೆ ಒಳಗೆ ಬಣ್ಣ ಇರುತ್ತಿರಲಿಲ್ಲ. ಬಣ್ಣ ಬಳಿಯುವ ಮೊದಲೇ ಅದು ಬಾಯಿ ಬಿಟ್ಟಿತ್ತು. ಕೂಡಿಸಿದವನು ಕೂಡಿಲ್ಲವೆಂದು ಕಂಡೇ ಬಣ್ಣ ಹೊಡೆದಿದ್ದ. ಆ ಸೀಮೆಯಲ್ಲಿ ಕಬ್ಬಿಣ ಕೂಡಿಸುವವನು ಒಬ್ಬನೇ.

ಯಂಕೋಬ ಹುಸೇನಬಿಯ ಕಡೆ ತಿರುಗಿ ಹೇಳಿದ: "ಅವ ಕುಡದಿರಲಿಲ್ಲವ್ವ. ಗಾಡಿ ಕತ್ತು ಮೊದಲೇ ಮುರದಿತ್ತು." ಆಕೆ ಗೋಡೆ ಹಿಡಿದು ಕೂತಳು.

ಯಂಕೋಬ ಹೋಗಿ ಮೋನಪ್ಪನನ್ನು ಕರೆತಂದ. ಬೈಯಲಿಲ್ಲ. ಅವನ ಹೆಬ್ಬೆರಳು ಹಿಡಿದು ಆ ಗಂಟಿನ ಮೇಲೆ ಇಟ್ಟ, ಅಷ್ಟೇ. ಮೋನಪ್ಪ ಬೆರಳು ತೆಗೆಯಲಿಲ್ಲ. ಕತ್ತು ಮುರಿದ ಗಾಡಿ ತಂದಾಗ ಹಬ್ಬ ಹತ್ತಿರವಿತ್ತು, ಬಳೆ ಮಾರುವ ದಿನಗಳು, ಮೈಬೂಸಾಬ ಅಲ್ಲೇ ಕೂತು ಅವಸರ ಮಾಡಿದ, ಇದ್ದಿಲು ಸಾಲಲಿಲ್ಲ, ಇಷ್ಟಕ್ಕೆ ತಡೆದೀತು ಅಂದುಕೊಂಡೆ ಅಂತ ನೆಲ ನೋಡುತ್ತ ಹೇಳಿದನಂತೆ. ಸತ್ತ ಮೇಲೆ ದೆವ್ವದ ಮಾತು ಹುಟ್ಟಿಸಿದವನೂ ತಾನೇ ಅಂದನಂತೆ. ಹುಸೇನಬಿ ಎಲ್ಲ ಕೇಳಿದಳು. ಕ್ಷಮಿಸಿದೆ ಅನ್ನಲಿಲ್ಲ. ಶಪಿಸಲೂ ಇಲ್ಲ.

"ಸೊಟ್ಟ ಕೂಡಿದ ಎಲುಬಿಗೆ ನಾ ಏನು ಮಾಡ್ತೀನಿ?" ಅಂತ ಕೇಳಿದ ಯಂಕೋಬ.

"ಮತ್ತ ಮುರಿತೀ," ಅಂದ ಮೋನಪ್ಪ.

"ಹಂಗಾದ್ರ ಮುರಿ."

ಅದೇ ಅಂಗಳಕ್ಕೆ ತಿದಿ ಬಂತು, ಇದ್ದಿಲು ಬಂತು. ಊರೆಲ್ಲ ನೋಡುತ್ತಿರುವಾಗ ಮೋನಪ್ಪ ತಾನು ಕೂಡಿಸಿದ್ದನ್ನು ತಾನೇ ಒಡೆದ. ಆ ಏಟಿಗೆ ಮರದ ಹಕ್ಕಿಗಳೆಲ್ಲ ಎದ್ದವು ಅಂತಾರೆ. ಆಮೇಲೆ ಹೊಸದಾಗಿ ಕಬ್ಬಿಣದ ಪಟ್ಟಿ ಸುತ್ತಿ ಕೂಡಿಸಿದ. ಈ ಸಲ ಯಾರೂ ಅವಸರ ಮಾಡಲಿಲ್ಲ. ಬಣ್ಣದ ಡಬ್ಬಿ ತೆರೆಯಲು ಹೋದರೆ ಯಂಕೋಬ ಬೇಡ ಅಂದ.

ಆದರೂ ಅವನು ತಗೊಳ್ಳುತ್ತೇನೆ ಅಂದಿರಲಿಲ್ಲ. ಮೋನಪ್ಪನದು ಒಮ್ಮೆ ಸೋತ ಕೈ. ಅದನ್ನು ಮತ್ತೆ ನಂಬುವುದೋ ಬಿಡುವುದೋ? ಅವನು ಗಾಡಿ ಹತ್ತಿ ಕೂತು ಮೋನಪ್ಪನಿಗೆ, "ಹಿಂದ ಕೂಡು," ಅಂದ. "ಇಳಿಜಾರಿಗೆ ಹೋಗೋಣು."

ಮೋನಪ್ಪನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಮೋನಪ್ಪ ತನ್ನ ಕೆಲಸವನ್ನು ಇನ್ನೊಮ್ಮೆ ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಹತ್ತಿ ಕೂತ.

ದಿನ್ನಿಯ ತುದಿಯಲ್ಲಿ ಹುಸೇನಬಿ ಬಂದು ನಿಂತಿದ್ದಳು. ಗಾಡಿ ಇಳಿಯಿತು. ಮೈಬೂಸಾಬ ಬಿದ್ದ ತಿರುವಿನಲ್ಲಿ ಧೂಳೆದ್ದು ಇಬ್ಬರೂ ಕಾಣದಾದರು. ಆಮೇಲೆ ಕೆಳಗಿನ ಹಳ್ಳದಿಂದ ಗುಡುಗುಡು ಸದ್ದು ಮೇಲಕ್ಕೆ ಹತ್ತಿ ಬಂತು. ಹಳೆಯ ರೂಢಿಯಂತೆ ಹೆಂಗಸರು ಬಾಗಿಲಿಗೆ ಬಂದರು, ಬಂದು, ನೆನಪಾಗಿ, ಹಾಗೇ ನಿಂತರು.

ಯಂಕೋಬ ಇಳಿದು ಹುಸೇನಬಿಗೆ ಕೈಮುಗಿದು, "ಇದನ್ನ ನನಗ ಕೊಡವ್ವ," ಅಂದ.

ಆ ಗಾಡಿಯ ಮೇಲೆ ಅವನು ಹೊಳೆಯನ್ನೇ ದಾಟುತ್ತಿದ್ದ ಅಂತಾರೆ. ಬಿದ್ದವನು ಕೂಗುವ ಮೊದಲೇ ಅಂಗಳದಲ್ಲಿ ಇರುತ್ತಿದ್ದ ಅಂತಾರೆ. ಅವನೂ ಹೋದ, ಮೋನಪ್ಪನೂ ಹೋದ, ಗಾಡಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ.

ಇವತ್ತಿಗೂ ಆ ಕಡೆಯ ಹಳ್ಳಿಗಳಲ್ಲಿ ಹಳೆಯ ಗಾಡಿ ಮಾರುವವರು ಅದಕ್ಕೆ ಬಣ್ಣ ಹೊಡೆಸುವುದಿಲ್ಲ. ಕೊಳ್ಳುವವನು ಹೆಬ್ಬೆರಳಿಗೆ ಎಣ್ಣೆ ಹಚ್ಚಿ ಗಾಡಿಯ ಕತ್ತು ಮುಟ್ಟಿ ನೋಡುತ್ತಾನೆ. ಆಮೇಲೆ ಅದನ್ನು ರಿಪೇರಿ ಮಾಡಿದವನನ್ನು ಕರೆದು, ಹಿಂದೆ ಕೂಡು ಅನ್ನುತ್ತಾನೆ. ಅವನು ಕೂತರೆ ವ್ಯಾಪಾರ. ಏನೋ ನೆಪ ಹೇಳಿ ಹಿಂದೆ ಸರಿದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ, ಜಗಳವಾಡುವುದಿಲ್ಲ. ಕೊಳ್ಳಲು ಬಂದವನು ಹೆಬ್ಬೆರಳಿನ ಎಣ್ಣೆ ಒರೆಸಿಕೊಂಡು, ಬಂದ ದಾರಿಯಲ್ಲಿ ನಡೆದುಕೊಂಡು ಮನೆಗೆ ಹೋಗುತ್ತಾನೆ.